ಓದಲು ತಡವರಿಸುವ ಮಗುವಿಗೆ ಪರೀಕ್ಷೆ: ಫೋನು, ಲ್ಯಾಪ್‌ಟಾಪ್‌ಗಳ ನೆರವು ಪಡೆಯುವುದು ಹೇಗೆ?

ಆರನೇ ತರಗತಿಯ ಒಬ್ಬ ಹುಡುಗ. ವಿಜ್ಞಾನದ ಕಿರುಪರೀಕ್ಷೆಯಲ್ಲಿ 20ಕ್ಕೆ 3 ಅಂಕ. ಕೊಟ್ಟವಳು ನಾನೇ. ಮಧ್ಯಾಹ್ನ ಬಿಸಿಯೂಟ ಮುಗಿದ ಮೇಲೆ ಅವನನ್ನು ಶಾಲೆಯ ಜಗಲಿಯಲ್ಲಿ ಕೂರಿಸಿಕೊಂಡು ಅದೇ ಪ್ರಶ್ನೆಗಳನ್ನು ಓದಿ ಹೇಳಿದೆ. "ಗಾಳಿ ಇದ್ದ ದಿನ ಬಟ್ಟೆ ಬೇಗ ಒಣಗುವುದೇಕೆ?" ಅಂದೆ. "ಗಾಳಿ ಬಂದು ಆವೀನ ತಳ್ಕೊಂಡು ಹೋಗುತ್ತೆ ಮಿಸ್. ನಮ್ಮಮ್ಮ ಸಂಡಿಗೆ ಇಡೋದೂ ಗಾಳಿ ಇದ್ದ ದಿನವೇ. ಧೂಳು ಬೀಳ್ಬಾರದು ಅಂತ ಮೇಲೆ ತೆಳು ಸೀರೆ ಹಾಸ್ತಾರೆ" ಅಂದ. ಇದಕ್ಕಿಂತ ಒಳ್ಳೆಯ ಉತ್ತರವನ್ನು ಆ ತರಗತಿಯಲ್ಲಿ ಯಾರೂ ಬರೆದಿರಲಿಲ್ಲ. ಅವನ ಉತ್ತರಪತ್ರಿಕೆಯಲ್ಲಿ ಇದ್ದದ್ದು ಎರಡೇ ಪದ: "ಗಳಿ ಅವಿ". ಅದಕ್ಕೆ ನಾನು ಸೊನ್ನೆ ಹಾಕಿದ್ದೆ.

ಬಾಯಲ್ಲಿ ಹೇಳಿದ್ದಕ್ಕೆ ಲೆಕ್ಕ ಹಾಕಿದರೆ 14 ಅಂಕ ಬಂತು. ಹಾಗಾದರೆ ಆ 3 ಅಂಕ ಅಳೆದಿದ್ದು ಏನನ್ನು? ಅವನ ಓದನ್ನು, ಬರವಣಿಗೆಯನ್ನು. ವಿಜ್ಞಾನವನ್ನು ಅದು ಮುಟ್ಟಿಯೇ ಇರಲಿಲ್ಲ. ಅವತ್ತಿನಿಂದ ಡಿಸ್ಲೆಕ್ಸಿಯಾದಂಥ (ಬುದ್ಧಿ ಚುರುಕಿದ್ದರೂ ಓದು, ಬರಹ ತೊಡಕಾಗುವ) ಕಲಿಕಾ ನ್ಯೂನತೆ ಇರುವ ಮಕ್ಕಳಿಗೆ ಪರೀಕ್ಷೆ ಮಾಡುವ ರೀತಿಯನ್ನೇ ಬದಲಾಯಿಸಿಕೊಂಡೆ. ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಶಿಕ್ಷಕರಿಗೆ ಬೇಕಾದದ್ದು ಇದರಲ್ಲಿ ಜಾಸ್ತಿ ಇದೆ. ತಂದೆ ತಾಯಿಗೆ ಕೊನೆಯ ಭಾಗ ಮುಖ್ಯ.

ಮೊದಲ ಹೆಜ್ಜೆ: ಈ ಪ್ರಶ್ನೆ ಏನನ್ನು ಅಳೆಯುತ್ತಿದೆ?

ಸಾಧನದ ಮಾತು ಆಮೇಲೆ. ಪ್ರಶ್ನೆಪತ್ರಿಕೆ ಮತ್ತು ಒಂದು ಪೆನ್ಸಿಲ್ ತಗೊಂಡು ಕೂರಿ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಒಂದೇ ಪದದಲ್ಲಿ ಬರೆಯಿರಿ: ಓದು, ಕಾಗುಣಿತ, ಲೆಕ್ಕ, ವಿಷಯ ಜ್ಞಾನ, ಯೋಚನೆ. ಆ ಪ್ರಶ್ನೆ ಇರುವುದು ಯಾವುದನ್ನು ನೋಡಲಿಕ್ಕೋ ಅದನ್ನು ಮಾತ್ರ ಬರೆಯಬೇಕು.

ಸಮಾಜ ವಿಜ್ಞಾನದಲ್ಲಿ "1924ರ ಬೆಳಗಾವಿ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆ ವಹಿಸಿದವರು ಯಾರು?" ಅಂತ ಕೇಳಿದ್ದೀರಿ ಅನ್ನಿ. ಇಲ್ಲಿ ನೋಡುತ್ತಿರುವುದು ಗಾಂಧೀಜಿಯ ಹೆಸರು ಮಗುವಿಗೆ ಗೊತ್ತೇ ಎಂಬುದನ್ನು. ಫೋನು ಪ್ರಶ್ನೆಯನ್ನು ಓದಿ ಹೇಳಿದರೆ ಏನೂ ಕೆಡುವುದಿಲ್ಲ. ಮಗು "ಗಾಂದಿಜಿ" ಅಂತ ಬರೆದರೂ ಅಂಕ ಪೂರ್ತಿ. ಆದರೆ ಕನ್ನಡ ಪತ್ರಿಕೆಯಲ್ಲಿ ಒಂದು ಗದ್ಯಭಾಗ ಕೊಟ್ಟು "ಓದಿಕೊಂಡು ಉತ್ತರಿಸಿ" ಅಂದಿದ್ದರೆ? ಅಲ್ಲಿ ಓದನ್ನೇ ಅಳೆಯುತ್ತಿದ್ದೀರಿ. ಯಂತ್ರ ಓದಿಕೊಟ್ಟರೆ ಸಿಗುವುದು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿಯ ಅಳತೆ. ಅದೂ ಬೆಲೆಯುಳ್ಳದ್ದೇ, ಆದರೆ ಬೇರೆ ಅಳತೆ. ಉಕ್ತಲೇಖನದಲ್ಲಿ ತಪ್ಪಕ್ಷರ ತಿದ್ದುವ ಸೌಲಭ್ಯ ಕೊಟ್ಟರೂ ಇದೇ ಕಥೆ.

ಲೆಕ್ಕದಲ್ಲಿ ಈ ಗೆರೆ ಇನ್ನೂ ಸೂಕ್ಷ್ಮ. "348ನ್ನು 27ರಿಂದ ಗುಣಿಸಿ" ಅನ್ನುವುದಕ್ಕೆ ಕ್ಯಾಲ್ಕುಲೇಟರ್ ಕೊಟ್ಟರೆ ಪ್ರಶ್ನೆಯೇ ಉಳಿಯುವುದಿಲ್ಲ. ಆದರೆ "27 ಚೀಲ ರಾಗಿ, ಚೀಲಕ್ಕೆ ಇಷ್ಟು ರೂಪಾಯಿ, ಬಾಡಿಗೆ ಕಳೆದು ಉಳಿದದ್ದೆಷ್ಟು?" ಅನ್ನುವಲ್ಲಿ ಮಗು ಯಾವುದನ್ನು ಗುಣಿಸಬೇಕು, ಯಾವುದನ್ನು ಕಳೆಯಬೇಕು ಅಂತ ತೀರ್ಮಾನಿಸಬೇಕು. ಮಗ್ಗಿ ನೆನಪಿನಲ್ಲಿ ನಿಲ್ಲದ ಮಗುವಿಗೂ ಆ ತೀರ್ಮಾನ ಬರಬಹುದು. ಅದಕ್ಕೇ ನಾನು ಗಣಿತ ಪತ್ರಿಕೆಯನ್ನು ಎರಡು ತುಂಡು ಮಾಡುತ್ತೇನೆ. ಮೊದಲ ತುಂಡು ಕ್ಯಾಲ್ಕುಲೇಟರ್ ಇಲ್ಲದೆ, ಎರಡನೆಯದು ಕ್ಯಾಲ್ಕುಲೇಟರ್ ಜೊತೆ. ಮೊದಲನೆಯದನ್ನು ವಾಪಸ್ ತಗೊಂಡ ಮೇಲೆ ಎರಡನೆಯದನ್ನು ಕೊಡುವುದು.

ಬ್ರಿಟನ್ನಿನ ಪರೀಕ್ಷಾ ಮಂಡಳಿಗಳ ಒಕ್ಕೂಟ ಜೆಸಿಕ್ಯೂ ಈ ವಿಷಯದಲ್ಲಿ ಒಂದು ನಿಯಮ ಇಟ್ಟಿದೆ. ಓದುವ ಸಾಮರ್ಥ್ಯವನ್ನೇ ಅಳೆಯುವ ಭಾಗದಲ್ಲಿ ಮನುಷ್ಯರು ಓದಿ ಹೇಳುವಂತಿಲ್ಲ, ಕಂಪ್ಯೂಟರ್ ಓದಬಹುದು. ವಿಚಿತ್ರ ಅನ್ನಿಸುತ್ತದೆ ಅಲ್ವಾ? ಯೋಚಿಸಿದರೆ ಅರ್ಥ ಇದೆ. ಮನುಷ್ಯರು ಓದುವಾಗ ಎಲ್ಲಿ ಒತ್ತಬೇಕು, ಎಲ್ಲಿ ನಿಲ್ಲಿಸಬೇಕು ಅಂತ ಅರ್ಥ ನೋಡಿಕೊಂಡೇ ಓದುತ್ತಾರೆ. ಅಂದರೆ ಅರ್ಧ ಅರ್ಥವನ್ನು ಅವರೇ ಬಿಡಿಸಿಕೊಟ್ಟಂತೆ. ಯಂತ್ರ ಬರೀ ಅಕ್ಷರವನ್ನು ಸದ್ದು ಮಾಡುತ್ತದೆ. ನಾವು ಪ್ರಶ್ನೆ ಓದಿ ಹೇಳುವಾಗಲೂ ಇದನ್ನು ನೆನಪಿಟ್ಟುಕೊಳ್ಳಬೇಕು. ಸರಿ ಉತ್ತರದ ಆಯ್ಕೆ ಬಂದಾಗ ನಮ್ಮ ದನಿ ನಮಗೇ ಗೊತ್ತಿಲ್ಲದೆ ಏರುತ್ತದೆ!

ಎರಡನೇ ಹೆಜ್ಜೆ: ತೊಡಕು ಎಲ್ಲಿದೆ ಅಂತ ನೋಡುವುದು

"ಕಲಿಕಾ ನ್ಯೂನತೆ" ಅನ್ನುವುದು ಒಂದೇ ತೊಂದರೆಯ ಹೆಸರಲ್ಲ. ಒಬ್ಬಳಿಗೆ ಓದು ಕಷ್ಟ, ಬರವಣಿಗೆ ಪರವಾಗಿಲ್ಲ. ಇನ್ನೊಬ್ಬನಿಗೆ ಓದು ಬರುತ್ತದೆ, ಪೆನ್ನು ಹಿಡಿದರೆ ಹತ್ತು ನಿಮಿಷಕ್ಕೆ ಕೈ ಸೋಲುತ್ತದೆ. ಮತ್ತೊಬ್ಬರಿಗೆ ಅಂಕಿಗಳೇ ಅದಲುಬದಲಾಗುತ್ತವೆ. ಎಲ್ಲರಿಗೂ ಒಂದೇ ಆ್ಯಪ್ ಹಾಕಿಕೊಟ್ಟರೆ ಪ್ರಯೋಜನವಿಲ್ಲ.

ನಾನು ಮಾಡುವುದು ಹೀಗೆ. ಒಂದೇ ಪಾಠದಿಂದ, ಒಂದೇ ಮಟ್ಟದ, ನಾಲ್ಕು ಸಣ್ಣ ಪ್ರಶ್ನೆಗುಂಪು ತಯಾರಿಸುತ್ತೇನೆ. ಒಂದೊಂದರಲ್ಲಿ ಐದು ಪ್ರಶ್ನೆ. ಮೊದಲ ಗುಂಪನ್ನು ಮಗು ತಾನೇ ಓದಿ ತಾನೇ ಬರೆಯುತ್ತದೆ. ಎರಡನೆಯದನ್ನು ಕೇಳಿಸಿಕೊಂಡು ಬರೆಯುತ್ತದೆ. ಮೂರನೆಯದನ್ನು ತಾನೇ ಓದಿ ಬಾಯಲ್ಲಿ ಹೇಳುತ್ತದೆ. ನಾಲ್ಕನೆಯದನ್ನು ಕೇಳಿಸಿಕೊಂಡು ಬಾಯಲ್ಲಿ ಹೇಳುತ್ತದೆ. ಎರಡು ದಿನಕ್ಕೆ ಹಂಚಿ ಮಾಡಿ, ಒಂದೇ ದಿನ ಮಾಡಿದರೆ ಮಗು ದಣಿದು ಕೊನೆಯದು ಹಾಳಾಗುತ್ತದೆ. ಅಂಕದ ಜೊತೆಗೆ ಹಿಡಿದ ಸಮಯವನ್ನೂ ಬರೆದುಕೊಳ್ಳಿ. ಕೇಳಿಸಿಕೊಂಡಾಗ ಅಂಕ ಜಿಗಿದರೆ ತೊಡಕು ಓದಿನಲ್ಲಿದೆ. ಬಾಯಲ್ಲಿ ಹೇಳಿದಾಗ ಜಿಗಿದರೆ ಬರವಣಿಗೆಯಲ್ಲಿದೆ. ನಾಲ್ಕರಲ್ಲೂ ಕಡಿಮೆಯೇ ಬಂದರೆ ಪಾಠವೇ ತಲುಪಿಲ್ಲ. ಅದಕ್ಕೆ ಮತ್ತೆ ಪಾಠ ಮಾಡುವುದೇ ಮದ್ದು.

ಇದು ವೈದ್ಯಕೀಯ ತಪಾಸಣೆ ಅಲ್ಲ, ಪರೀಕ್ಷೆಗೆ ಯಾವ ನೆರವು ಬೇಕು ಅಂತ ತಿಳಿಯುವ ದಾರಿ ಅಷ್ಟೆ. ತಪಾಸಣೆಗೆ ಬೆಂಗಳೂರಿನ ನಿಮ್ಹಾನ್ಸ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇವೆ. ಮಾನೇಸರದ ರಾಷ್ಟ್ರೀಯ ಮಿದುಳು ಸಂಶೋಧನಾ ಕೇಂದ್ರ ರೂಪಿಸಿದ 'ಡಾಲಿ' ಎಂಬ ಪರೀಕ್ಷಾ ಸಾಮಗ್ರಿ ಕನ್ನಡದಲ್ಲೂ ಇದೆ. ಇದು ದೊಡ್ಡ ಮಾತು. ಕನ್ನಡ ಮಾಧ್ಯಮದ ಮಗುವನ್ನು ಇಂಗ್ಲಿಷ್ ಪದಗಳಲ್ಲಿ ಪರೀಕ್ಷಿಸಿ ಡಿಸ್ಲೆಕ್ಸಿಯಾ ಅನ್ನುವುದು ನ್ಯಾಯವಲ್ಲ.

ಕನ್ನಡದ ತೊಡಕುಗಳೂ ಕನ್ನಡದ್ದೇ. ಪ ಮತ್ತು ಹೊಟ್ಟೆ ಸೀಳಿದ ಷ, ದ ಮತ್ತು ಧ, ಹ್ರಸ್ವ ದೀರ್ಘ, ಸಾಲಿನ ಕೆಳಗೆ ಇಳಿಯುವ ಒತ್ತು. ಎಲ್ಲಕ್ಕಿಂತ ಕಾಡುವುದು ಅರ್ಕಾವತ್ತು. "ಧರ್ಮ" ಎಂಬಲ್ಲಿ ನಾವು ರ್ ಅನ್ನು ಮೊದಲು ಉಚ್ಚರಿಸುತ್ತೇವೆ, ಅದರ ಗುರುತು ಮಾತ್ರ ಮ ಆದಮೇಲೆ ಬರುತ್ತದೆ. ಕಣ್ಣಿಗೆ ಒಂದು ಕ್ರಮ, ಕಿವಿಗೆ ಇನ್ನೊಂದು. ಇಂಥ ಪದ ಬಂದಾಗಲೆಲ್ಲ ನಿಲ್ಲುವ ಮಕ್ಕಳನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಮೂರನೇ ಹೆಜ್ಜೆ: ಸಾಧನ ಆರಿಸುವುದು

ಓದಿನ ತೊಡಕಿಗೆ ಬೇಕಾದದ್ದು ಪ್ರಶ್ನೆಯನ್ನು ಓದಿ ಹೇಳುವ ದನಿ. ಇಂಗ್ಲಿಷ್ ಮಾಧ್ಯಮದ ಮಗುವಿಗೆ ಇದು ಸುಲಭ. ಮೈಕ್ರೋಸಾಫ್ಟ್ ವರ್ಡ್‌ನಲ್ಲಿ 'ರೀಡ್ ಅಲೌಡ್' ಇದೆ. ವಿಂಡೋಸ್‌ನ ಭಾರತೀಯ ಇಂಗ್ಲಿಷ್ ದನಿಗಳು ಇಂಟರ್ನೆಟ್ ಇಲ್ಲದೆಯೂ ಓದುತ್ತವೆ. ಓದುತ್ತಿರುವ ಪದ ಬಣ್ಣದಲ್ಲಿ ಎದ್ದು ಕಾಣುವುದರಿಂದ ಮಗುವಿನ ಕಣ್ಣು ಅದರ ಹಿಂದೆಯೇ ಹೋಗುತ್ತದೆ.

ಕನ್ನಡಕ್ಕೆ ಸ್ವಲ್ಪ ಹುಡುಕಾಟ ಬೇಕು. ಮೈಕ್ರೋಸಾಫ್ಟ್ ಎಡ್ಜ್ ಬ್ರೌಸರ್‌ನಲ್ಲಿ ಚೆನ್ನಾಗಿರುವ ಕನ್ನಡ ದನಿಗಳಿವೆ, ಆದರೆ ಅವಕ್ಕೆ ಇಂಟರ್ನೆಟ್ ಬೇಕು. ಆ್ಯಂಡ್ರಾಯ್ಡ್ ಫೋನಿನಲ್ಲಿ ಗೂಗಲ್‌ನ ಕನ್ನಡ ದನಿಯನ್ನು ಮೊದಲೇ ಇಳಿಸಿಟ್ಟುಕೊಳ್ಳಬಹುದು. ಸೆಟ್ಟಿಂಗ್ಸ್‌ನ ಆ್ಯಕ್ಸೆಸಿಬಿಲಿಟಿಯಲ್ಲಿ 'ಸೆಲೆಕ್ಟ್ ಟು ಸ್ಪೀಕ್' ಆನ್ ಮಾಡಿದರೆ, ಮಗು ಬೆರಳಿಟ್ಟು ಆರಿಸಿದ ಭಾಗವನ್ನು ಮಾತ್ರ ಅದು ಓದುತ್ತದೆ. ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದಲ್ಲಿ ಇ-ಸ್ಪೀಕ್ ದನಿಯನ್ನು ಆರಿಸಿದರೆ ಲ್ಯಾಪ್‌ಟಾಪ್ ಇಂಟರ್ನೆಟ್ ಇಲ್ಲದೆ ಕನ್ನಡ ಓದುತ್ತದೆ. ದನಿ ಯಂತ್ರದ್ದೇ ಅಂತ ಗೊತ್ತಾಗುತ್ತದೆ, ಒರಟಾಗಿದೆ. ಇನ್ನೊಂದು ವಿಷಯ. ಎನ್‌ವಿಡಿಎ ಇರುವುದು ಕಣ್ಣು ಕಾಣದವರಿಗಾಗಿ. ಪರದೆಯ ಮೇಲಿನ ಪ್ರತಿ ಬಟನ್ನನ್ನೂ ಹೇಳುತ್ತದೆ. ಡಿಸ್ಲೆಕ್ಸಿಯಾ ಇರುವ ಮಗುವಿಗೆ ಅಷ್ಟು ಮಾತು ಜಾಸ್ತಿಯಾಗಿ ತಲೆ ಕೆಡುತ್ತದೆ.

ನನ್ನ ಮೊದಲ ಆಯ್ಕೆ ಇವ್ಯಾವುವೂ ಅಲ್ಲ. ಪ್ರಶ್ನೆಗಳನ್ನು ನಾನೇ ಫೋನಿನಲ್ಲಿ ರೆಕಾರ್ಡ್ ಮಾಡುತ್ತೇನೆ. ಒಂದು ಪ್ರಶ್ನೆಗೆ ಒಂದು ಫೈಲ್. ಹೆಸರು ಬರೀ 01, 02, 03. ಪತ್ರಿಕೆಯಲ್ಲಿರುವ ಸಂಖ್ಯೆ ನೋಡಿ ಮಗು ಆ ಫೈಲ್ ಒತ್ತುತ್ತದೆ, ಎಷ್ಟು ಸಲ ಬೇಕಾದರೂ ಕೇಳುತ್ತದೆ. ಇಂಟರ್ನೆಟ್ ಬೇಡ, ಖರ್ಚಿಲ್ಲ, ಉಚ್ಚಾರ ಸ್ಪಷ್ಟ. ಹಳ್ಳಿ ಶಾಲೆಯ ಯಾವ ಶಿಕ್ಷಕರೂ ಇದನ್ನು ನಾಳೆಯೇ ಶುರು ಮಾಡಬಹುದು. ಎಲ್ಲ ಆಯ್ಕೆಗಳನ್ನೂ ಒಂದೇ ದನಿಯಲ್ಲಿ ಓದುವುದನ್ನು ಮಾತ್ರ ಅಭ್ಯಾಸ ಮಾಡಿಕೊಳ್ಳಬೇಕು.

ಬರವಣಿಗೆಯ ತೊಡಕಿಗೆ ಎರಡು ದಾರಿ: ಟೈಪ್ ಮಾಡುವುದು, ಇಲ್ಲವೇ ಮಾತಾಡಿ ಟೈಪ್ ಮಾಡಿಸುವುದು. ಟೈಪಿಂಗ್‌ಗೆ ಕೀಬೋರ್ಡ್ ಆಯ್ಕೆ ಮುಖ್ಯ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಮೂಡಿಸುವ ವಿಧಾನ ನಮಗೆ ಸುಲಭ. ಇಂಗ್ಲಿಷ್ ಅಕ್ಷರಗಳಲ್ಲೇ ತಡವರಿಸುವ ಕನ್ನಡ ಮಾಧ್ಯಮದ ಮಗುವಿಗೆ ಅದು ಇಮ್ಮಡಿ ಕಷ್ಟ. ಕೀಲಿಯ ಮೇಲೆ ಕನ್ನಡ ಅಕ್ಷರವೇ ಕಾಣುವ ಕೀಬೋರ್ಡ್ ಕೊಡಿ. ಫೋನಿನಲ್ಲಿ ಗೂಗಲ್‌ನ ಕೀಬೋರ್ಡ್ ಆ್ಯಪ್ ಆದ ಜಿಬೋರ್ಡ್‌ನಲ್ಲಿ ಅದು ಇದೆ. ಹೀಗೆ ಟೈಪ್ ಮಾಡುವಾಗ ಒಂದು ಒಳ್ಳೆಯದಾಗುತ್ತದೆ. "ಧರ್ಮ" ಬರೆಯಲು ಧ, ರ, ಅರ್ಧಾಕ್ಷರದ ಚಿಹ್ನೆ, ಮ ಅಂತ ಉಚ್ಚಾರದ ಕ್ರಮದಲ್ಲೇ ಒತ್ತಬೇಕು. ಅರ್ಕಾವತ್ತನ್ನು ಅದರ ಜಾಗದಲ್ಲಿ ಕೂರಿಸುವ ಕೆಲಸ ಕಂಪ್ಯೂಟರಿನದು. ಕೈಬರಹದಲ್ಲಿ ಸದಾ ತಪ್ಪುವ ಪದಗಳನ್ನು ಕೆಲವು ಮಕ್ಕಳು ಟೈಪಿಂಗ್‌ನಲ್ಲಿ ಸರಿಯಾಗಿ ಬರೆದಾಗ ಅವರ ಮುಖ ನೋಡಬೇಕು.

ಮಾತಿನಿಂದ ಟೈಪ್ ಮಾಡಿಸುವುದು ಗೂಗಲ್ ಡಾಕ್ಸ್‌ನಲ್ಲೂ ಜಿಬೋರ್ಡ್‌ನಲ್ಲೂ ಕನ್ನಡಕ್ಕೆ ಸಿಗುತ್ತದೆ. ತರಗತಿಯ ಪರೀಕ್ಷೆಗೆ ಸಾಕು. ಆದರೆ ಪ್ರತ್ಯೇಕ ಕೋಣೆ ಬೇಕು, ಇಲ್ಲದಿದ್ದರೆ ಉತ್ತರ ಎಲ್ಲರಿಗೂ ಕೇಳಿಸುತ್ತದೆ. ಹುಬ್ಬಳ್ಳಿಯ ಮಗು "ಹೋಗ್ಯಾನ" ಅಂದದ್ದನ್ನು, ಮಂಡ್ಯದ ಮಗು "ಬತ್ತಾನೆ" ಅಂದದ್ದನ್ನು ಯಂತ್ರ ಏನೇನೋ ಮಾಡಿ ಬರೆಯುವುದುಂಟು. ಬಂದ ಸಾಲನ್ನು ಓದಿಸಿ ಕೇಳಿ ತಿದ್ದಿಕೊಳ್ಳುವುದನ್ನೂ ಮಗುವಿಗೆ ಕಲಿಸಬೇಕು.

ಸಾಲಿನ ಮೇಲೆ ಎಳೆದರೆ ಓದಿ ಹೇಳುವ ಪೆನ್ನುಗಳನ್ನು ಕೊಳ್ಳಬೇಕೇ ಅಂತ ಪೋಷಕರು ಕೇಳುತ್ತಾರೆ. ಮೊದಲು ಅದು ಕನ್ನಡ ಓದುತ್ತದೆಯೇ ಅಂತ ಅಂಗಡಿಯಲ್ಲೇ ಮಗುವಿನ ಪಠ್ಯಪುಸ್ತಕ ಇಟ್ಟು ನೋಡಿ. ಇಂಗ್ಲಿಷ್ ಓದಿದ್ದನ್ನು ತೋರಿಸಿದರೆ ದುಡ್ಡು ಕೊಡಬೇಡಿ.

ನಾಲ್ಕನೇ ಹೆಜ್ಜೆ: ಪ್ರಶ್ನೆಪತ್ರಿಕೆಯನ್ನು ಯಂತ್ರ ಓದುವಂತೆ ಮಾಡುವುದು

ನನ್ನ ಅನುಭವದಲ್ಲಿ ಎಲ್ಲ ಕೆಡುವುದು ಇಲ್ಲೇ. ಒಳ್ಳೆಯ ಫೋನು, ಒಳ್ಳೆಯ ದನಿ ಎಲ್ಲ ಇರುತ್ತದೆ. ಪತ್ರಿಕೆ ತೆರೆದರೆ ಯಂತ್ರ ಬಾಯಿ ಬಿಡುವುದಿಲ್ಲ, ಅಥವಾ ಅರ್ಥವಿಲ್ಲದ್ದನ್ನು ಬಡಬಡಿಸುತ್ತದೆ.

ಮೊದಲ ಕಾರಣ ಹಳೆಯ ಫಾಂಟ್. ನಮ್ಮ ಬಹಳ ಪ್ರಶ್ನೆಪತ್ರಿಕೆಗಳು ಇವತ್ತಿಗೂ 'ನುಡಿ', 'ಬರಹ' ಎಂಬ ಕನ್ನಡ ತಂತ್ರಾಂಶಗಳ ಹಳೆಯ ಫಾಂಟ್‌ಗಳಲ್ಲಿ ಟೈಪ್ ಆಗುತ್ತವೆ. ಕಣ್ಣಿಗೆ ಕನ್ನಡ, ಕಂಪ್ಯೂಟರಿಗೆ ಅಲ್ಲ. "ಕನ್ನಡ" ಎಂಬ ಪದವೇ ಆ ಫಾಂಟಿನ ಒಳಗೆ ಇಂಗ್ಲಿಷಿನ ಪಿ ಅಕ್ಷರ, ಬ್ರಿಟಿಷ್ ಪೌಂಡಿನ ಚಿಹ್ನೆ, ಇನ್ನೂ ಏನೇನೋ ಆಗಿ ಕೂತಿರುತ್ತದೆ. ಯಂತ್ರ ಅದನ್ನೇ ಓದುತ್ತದೆ. ಪರೀಕ್ಷಿಸುವುದು ಸುಲಭ. ಒಂದು ಸಾಲನ್ನು ಆರಿಸಿ ಫಾಂಟನ್ನು 'ನಿರ್ಮಲಾ ಯುಐ' ಅಥವಾ 'ತುಂಗಾ'ಗೆ ಬದಲಿಸಿ. ಕನ್ನಡವೇ ಉಳಿದರೆ ಅದು ಯುನಿಕೋಡ್, ಅಂದರೆ ಎಲ್ಲ ಯಂತ್ರಗಳಿಗೂ ಕನ್ನಡವಾಗಿಯೇ ತಿಳಿಯುವ ಅಕ್ಷರ ಸಂಕೇತ. ನಿಮ್ಮ ಕೆಲಸ ಹಗುರ. ವಿಚಿತ್ರ ಇಂಗ್ಲಿಷ್ ಗುರುತುಗಳಾದರೆ ಪರಿವರ್ತನೆ ಬೇಕು. ನುಡಿ ತಂತ್ರಾಂಶದಲ್ಲೇ ಪರಿವರ್ತಕ ಇದೆ, ಆನ್‌ಲೈನ್‌ನಲ್ಲೂ ಉಚಿತವಾಗಿ ಸಿಗುತ್ತವೆ. ಪರಿವರ್ತಿಸಿದ ಮೇಲೆ ಒತ್ತಕ್ಷರಗಳನ್ನು ಒಂದೊಂದಾಗಿ ನೋಡಿ. ತಪ್ಪುಗಳು ಅಡಗುವುದು ಅಲ್ಲೇ. ಹೊಸದಾಗಿ ಟೈಪ್ ಮಾಡುವವರು ಮೊದಲಿನಿಂದಲೇ ಯುನಿಕೋಡ್‌ನಲ್ಲಿ ಮಾಡಿ, ದಯವಿಟ್ಟು.

ಎರಡನೆಯದು, ಸ್ಕ್ಯಾನ್ ಮಾಡಿದ ಪಿಡಿಎಫ್. ಅದು ಕಾಗದದ ಫೋಟೋ ಅಷ್ಟೆ, ಅದರಲ್ಲಿ ಅಕ್ಷರವೇ ಇಲ್ಲ. ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಗುರುತಿಸಿಕೊಡುತ್ತದೆ. ಅಲ್ಲೂ ತಪ್ಪಿರುತ್ತದೆ. ಮೂಲದ ಜೊತೆ ಸಾಲು ಸಾಲಾಗಿ ಹೋಲಿಸಲೇಬೇಕು. ಇನ್ನೂ ನಡೆಯದ ಪರೀಕ್ಷೆಯ ಪತ್ರಿಕೆಯನ್ನು ಹೀಗೆ ಹೊರಗಿನ ಜಾಲತಾಣಕ್ಕೆ ಏರಿಸುವ ಮುಂಚೆ ಹೆಡ್‌ಮಾಸ್ಟರನ್ನು ಕೇಳಿ. ಎಷ್ಟೋ ಸಲ ಕೂತು ಮತ್ತೆ ಟೈಪ್ ಮಾಡುವುದೇ ಬೇಗ ಮುಗಿಯುತ್ತದೆ.

ಮೂರನೆಯದು ಪ್ರಶ್ನೆಗಳ ರೂಪ. "ಬಿಟ್ಟ ಸ್ಥಳ ತುಂಬಿ" ಅಂತ ಉದ್ದ ಗೆರೆ ಎಳೆದಿದ್ದರೆ ಕೆಲವು ದನಿಗಳು ಗೆರೆಯ ಪ್ರತಿ ತುಂಡನ್ನೂ ಹೆಸರಿಸುತ್ತವೆ, ಕೆಲವು ಏನೂ ಹೇಳದೆ ದಾಟುತ್ತವೆ. ಗೆರೆಯ ಬದಲು "ಖಾಲಿ ಜಾಗ" ಅಂತಲೇ ಟೈಪ್ ಮಾಡಿ. "ಹೊಂದಿಸಿ ಬರೆಯಿರಿ" ಇನ್ನೂ ಕಷ್ಟ. ಎರಡು ಪಟ್ಟಿಯನ್ನು ಯಂತ್ರ ಅಡ್ಡಡ್ಡ ಓದುತ್ತದೆ: "ತುಂಗಭದ್ರಾ, ಜೋಗ, ಶರಾವತಿ, ಹೊಸಪೇಟೆ." ಕೇಳಿದ ಮಗುವಿಗೆ ತುಂಗಭದ್ರೆಗೂ ಜೋಗಕ್ಕೂ ನಂಟಿದೆ ಅನ್ನಿಸುತ್ತದೆ. ಪಟ್ಟಿಯನ್ನು ಬಿಡಿಸಿ, ಮೊದಲು 'ಅ' ಪಟ್ಟಿ ಪೂರ್ತಿ, ಆಮೇಲೆ 'ಬ' ಪಟ್ಟಿ ಪೂರ್ತಿ ಬರುವಂತೆ ಒಂದರ ಕೆಳಗೊಂದು ಬರೆಯಿರಿ. "ಕ್ರಿ.ಶ.", "ರೂ.", "ಸೆಂ.ಮೀ." ಥರದ ಸಂಕ್ಷೇಪಗಳಲ್ಲಿ ದನಿ ಪ್ರತಿ ಚುಕ್ಕೆಗೂ ನಿಲ್ಲಬಹುದು. ಬಿಡಿಸಿ ಬರೆದುಬಿಡಿ. ಗಣಿತದ ಸೂತ್ರ ಚಿತ್ರವಾಗಿದ್ದರೆ ದನಿ ಅದನ್ನು ಹಾರಿಸಿಬಿಡುತ್ತದೆ, ಘಾತದ ಪುಟ್ಟ ಅಂಕಿಯನ್ನು ಸಾಮಾನ್ಯ ಅಂಕಿಯಂತೆ ಓದಿ ದಾರಿ ತಪ್ಪಿಸಬಹುದು. ಅಂಥವನ್ನು ನಾನು ಪಕ್ಕದಲ್ಲಿ ಪದಗಳಲ್ಲೇ ಬರೆಯುತ್ತೇನೆ: "ಎಕ್ಸ್‌ನ ವರ್ಗ ಕೂಡಿಸು ಐದು". ಚಿತ್ರವಿದ್ದರೆ ಒಂದೆರಡು ಸಾಲಿನ ವಿವರ ಸೇರಿಸಿ, ಉತ್ತರ ಹೊರಬೀಳದ ಹಾಗೆ.

ಇನ್ನು ಅಕ್ಷರದ ಅಳತೆ. ಡಿಸ್ಲೆಕ್ಸಿಯಾಗೆ ವಿಶೇಷ ಫಾಂಟ್ ಅಂತ ಇಂಗ್ಲಿಷಿನಲ್ಲಿ ಪ್ರಚಾರ ಬಹಳ. ಅವುಗಳಿಂದ ಓದು ಸುಧಾರಿಸುತ್ತದೆ ಅನ್ನಲು ಗಟ್ಟಿ ಆಧಾರ ಇಲ್ಲ. ಜಾಗ ಬಿಡುವುದು ಅದಕ್ಕಿಂತ ಉಪಯೋಗಕ್ಕೆ ಬರುತ್ತದೆ. ಕನ್ನಡದಲ್ಲಂತೂ ಸಾಲುಗಳ ನಡುವೆ ಜಾಗ ಬಿಡಲೇಬೇಕು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುವಂತಿದ್ದರೆ ಯಾವ ಮಗುವಿಗೂ ಓದಲಾಗದು. ನಾನು 16ರ ಅಳತೆ, ಒಂದೂವರೆ ಸಾಲಿನ ಅಂತರ, ಪುಟಕ್ಕೆ ನಾಲ್ಕೈದು ಪ್ರಶ್ನೆ ಇಡುತ್ತೇನೆ. ಕಾಗದ ಉಳಿಸಲು ಎರಡು ಪುಟಕ್ಕೆ ತುರುಕುವ ಅಭ್ಯಾಸವನ್ನು ಈ ಮಕ್ಕಳಿಗಾದರೂ ಬಿಡೋಣ.

ಎಲ್ಲ ಆದ ಮೇಲೆ ಕಣ್ಣು ಮುಚ್ಚಿ ಇಡೀ ಪತ್ರಿಕೆಯನ್ನು ಒಮ್ಮೆ ಕೇಳಿ. ನಿಮಗೆ ಅರ್ಥವಾಗದ ಸಾಲು ಮಗುವಿಗೂ ಅರ್ಥವಾಗುವುದಿಲ್ಲ.

ಐದನೇ ಹೆಜ್ಜೆ: ಅಭ್ಯಾಸ

ಒಂದು ಸಲ ಎಂಟನೇ ತರಗತಿಯ ಹುಡುಗಿಗೆ ಪರೀಕ್ಷೆಯ ಬೆಳಿಗ್ಗೆ ಹೆಡ್‌ಫೋನ್ ಕೊಟ್ಟೆ. ಅರ್ಧ ಗಂಟೆ ಅವಳು ದನಿಯ ವೇಗ ಕಡಿಮೆ ಮಾಡಲು ಒದ್ದಾಡಿದಳು. ಕೊನೆಗೆ ತೆಗೆದಿಟ್ಟು, ಸುಮ್ನೆ ಕೂತಳು. ಅದು ಪೂರ್ತಿ ನನ್ನ ತಪ್ಪು. ಮಗು ದಿನಾ ಬಳಸದ ಸಾಧನವನ್ನು ಪರೀಕ್ಷೆಗೆ ತರಬಾರದು. ನೆರವಾಗಬೇಕಾದದ್ದೇ ಇನ್ನೊಂದು ಪಾಠವಾಗಿ ತಲೆ ಮೇಲೆ ಕೂರುತ್ತದೆ.

ಕನಿಷ್ಠ ಆರು ವಾರ ಮುಂಚೆ ಶುರು ಮಾಡಿ. ಮೊದಲೆರಡು ವಾರ ಅಂಕದ ಮಾತೇ ಬೇಡ. ಕಥೆ ಕೇಳಲಿ, ಪಾಠ ಕೇಳಲಿ, ದನಿ ನಿಲ್ಲಿಸುವುದು, ಹಿಂದಕ್ಕೆ ಹೋಗುವುದು, ವೇಗ ಬದಲಿಸುವುದು ಬೆರಳಿಗೆ ಬರಲಿ. ಆಮೇಲೆ ಐದು ಪ್ರಶ್ನೆಯ ಕಿರುಪರೀಕ್ಷೆ. ಕೊನೆಯ ವಾರದಲ್ಲಿ ಒಂದು ಪೂರ್ತಿ ಅವಧಿಯ ಪತ್ರಿಕೆ, ಪರೀಕ್ಷೆ ನಡೆಯುವ ಕೋಣೆಯಲ್ಲೇ. ಸಮಯ ಅಳೆದುಕೊಳ್ಳಿ. ಕೇಳಿ ಉತ್ತರಿಸಲು ಹೊತ್ತು ಜಾಸ್ತಿ ಹಿಡಿಯುತ್ತದೆ, ಹೆಚ್ಚುವರಿ ಸಮಯ ಇಲ್ಲದೆ ಈ ಸಾಧನಗಳಿಂದ ಉಪಯೋಗವಿಲ್ಲ.

ಹೆಡ್‌ಫೋನ್ ಹಾಕಿಕೊಳ್ಳಲು ನಾಚುವ ಮಕ್ಕಳಿದ್ದಾರೆ, ಹೈಸ್ಕೂಲಿನಲ್ಲಿ ಜಾಸ್ತಿ. "ಅವನಿಗೆ ಮಾತ್ರ ಯಾಕೆ ಮಿಸ್?" ಅಂತ ಉಳಿದವರೂ ಕೇಳುತ್ತಾರೆ. ನಾನು ಕನ್ನಡಕದ ಉದಾಹರಣೆ ಕೊಡುತ್ತೇನೆ. ಕನ್ನಡಕ ಹಾಕಿದವರಿಗೆ ಬೋರ್ಡ್ ಕಾಣುತ್ತದೆ, ಉತ್ತರ ಕಾಣುವುದಿಲ್ಲ. ಮಕ್ಕಳಿಗೆ ಇದು ದೊಡ್ಡವರಿಗಿಂತ ಬೇಗ ಅರ್ಥವಾಗುತ್ತದೆ. ಇನ್ನೊಂದು ಉಪಾಯವೂ ಇದೆ. ಒಂದು ಕಿರುಪರೀಕ್ಷೆಯನ್ನು ಇಡೀ ತರಗತಿಗೆ ಧ್ವನಿ ಪ್ರಶ್ನೆಗಳಲ್ಲೇ ಮಾಡಿ. ಆಮೇಲೆ ಹೆಡ್‌ಫೋನ್ ಯಾರ ಗುರುತೂ ಆಗುವುದಿಲ್ಲ.

ಆರನೇ ಹೆಜ್ಜೆ: ಪರೀಕ್ಷೆಯ ದಿನ

ಹಿಂದಿನ ದಿನವೇ ಲ್ಯಾಪ್‌ಟಾಪ್‌ನಲ್ಲಿ ಪರೀಕ್ಷೆಗೆಂದೇ ಬೇರೆ ಬಳಕೆದಾರ ಖಾತೆ ತೆರೆಯಿರಿ. ಅದರಲ್ಲಿ ಪ್ರಶ್ನೆಪತ್ರಿಕೆ ಮತ್ತು ಖಾಲಿ ಉತ್ತರದ ಕಡತ ಬಿಟ್ಟು ಬೇರೇನೂ ಇರಬಾರದು. ವೈಫೈ ಆಫ್, ಫೋನಾದರೆ ಫ್ಲೈಟ್ ಮೋಡ್ (ಮಾತಿನಿಂದ ಟೈಪ್ ಮಾಡಿಸಲು ಇಂಟರ್ನೆಟ್ ಬೇಕಾದ ಕಡೆ ಬಿಟ್ಟು). ಹಾಗೆ ಆಫ್ ಮಾಡಿದ ಮೇಲೂ ಕನ್ನಡ ದನಿ ಓದುತ್ತದೆಯೇ ಅಂತ ಪರೀಕ್ಷಿಸಿ. ಇಳಿಸಿಕೊಂಡಿದ್ದೇವೆ ಅಂದುಕೊಂಡ ದನಿ ಇಂಟರ್ನೆಟ್ಟಿನಿಂದ ಬರುತ್ತಿತ್ತು ಅಂತ ಗೊತ್ತಾಗುವುದು ಆವಾಗಲೇ. ವಾಕ್ಯ ಪೂರ್ತಿ ಮಾಡಿಕೊಡುವ, ಉತ್ತರ ಸೂಚಿಸುವ ಸೌಲಭ್ಯಗಳನ್ನೆಲ್ಲ ಮುಚ್ಚಿ. ತಪ್ಪಕ್ಷರ ತಿದ್ದುವ ಸೌಲಭ್ಯ ಇರಬೇಕೋ ಬೇಡವೋ ಅನ್ನುವುದನ್ನು ಮೊದಲ ಹೆಜ್ಜೆಯ ಪೆನ್ಸಿಲ್ ಗುರುತು ನೋಡಿ ತೀರ್ಮಾನಿಸಿ.

ಕರೆಂಟ್ ಹೋಗುತ್ತದೆ ಅಂತಲೇ ತಿಳಿದು ತಯಾರಾಗಿ. ಬ್ಯಾಟರಿ ಪೂರ್ತಿ ತುಂಬಿರಲಿ, ಎರಡು ನಿಮಿಷಕ್ಕೊಮ್ಮೆ ತಾನೇ ಸೇವ್ ಆಗುವಂತೆ ಇಡಿ. ಇನ್ನೊಂದು ಹೆಡ್‌ಫೋನ್, ಮುದ್ರಿಸಿದ ಪ್ರಶ್ನೆಪತ್ರಿಕೆ ಪಕ್ಕದಲ್ಲಿರಲಿ. ಯಂತ್ರ ಪೂರ್ತಿ ಕೈಕೊಟ್ಟರೆ ಪ್ರಶ್ನೆ ಓದಿ ಹೇಳಲು, ಉತ್ತರ ಬರೆದುಕೊಳ್ಳಲು ಒಬ್ಬರು ಸಿದ್ಧ ಇರಬೇಕು. ಯಂತ್ರ ಕೆಟ್ಟು ಕಳೆದ ನಿಮಿಷಗಳನ್ನು ಬರೆದಿಟ್ಟು ಮಗುವಿಗೆ ವಾಪಸ್ ಕೊಡಿ.

ಕೊಠಡಿ ಮೇಲ್ವಿಚಾರಕರಿಗೆ ಮೊದಲೇ ಒಂದು ಚೀಟಿ ಕೊಡಿ. ಮಗು ಏನನ್ನು ಬಳಸಬಹುದು, ಏನನ್ನು ಬಳಸಬಾರದು, ಎಷ್ಟು ಗಂಟೆಗೆ ಮುಗಿಯುತ್ತದೆ ಅಂತ ಅದರಲ್ಲಿರಲಿ. ಚೀಟಿ ಇಲ್ಲದೆ ಫೋನು ಕಂಡ ಕೂಡಲೇ ಕಿತ್ತುಕೊಂಡ ಪ್ರಸಂಗ ನಡೆದಿದೆ. ಮಗು ಅವತ್ತು ಆಮೇಲೆ ಒಂದು ಸಾಲೂ ಬರೆಯಲಿಲ್ಲ.

ಏಳನೇ ಹೆಜ್ಜೆ: ಮೌಲ್ಯಮಾಪನ

ಭಾಷಾ ವಿಷಯ ಬಿಟ್ಟು ಉಳಿದ ಕಡೆ ಕಾಗುಣಿತಕ್ಕೆ ಅಂಕ ಕಳೆಯಬೇಡಿ. ಪದ ಗೊತ್ತಾಗದಿದ್ದರೆ ಜೋರಾಗಿ ಓದಿ, "ಗಳಿ" ಗಾಳಿಯಾಗಿ ಕೇಳಿಸುತ್ತದೆ. ಮಾತಿನಿಂದ ಟೈಪ್ ಆದ ಉತ್ತರದಲ್ಲಿ ಆಡುಮಾತು ಇದ್ದರೆ ಅದೂ ತಪ್ಪಲ್ಲ. ಉತ್ತರಪತ್ರಿಕೆಯ ತಲೆಯಲ್ಲಿ ಬಳಸಿದ ಸಾಧನವನ್ನು, ಹೆಚ್ಚುವರಿ ಸಮಯವನ್ನು ಬರೆದಿಡಿ. ಮುಂದಿನ ಸಲದ ಅಂಕದ ಜೊತೆ ಹೋಲಿಸಲು ಇದು ಬೇಕು.

ಬೋರ್ಡ್ ಪರೀಕ್ಷೆ: ಪೋಷಕರು ಮಾಡಬೇಕಾದ್ದು

ತರಗತಿಯಲ್ಲಿ ನಾವೇ ತೀರ್ಮಾನಿಸಬಹುದು. ಬೋರ್ಡ್ ಪರೀಕ್ಷೆಗೆ ಕಾಗದ ಬೇಕು, ಮತ್ತು ಬೇಗ ಬೇಕು.

ಕಾನೂನು ನಿಮ್ಮ ಕಡೆಗಿದೆ. 1995ರ ಅಂಗವಿಕಲರ ಕಾಯ್ದೆಯಲ್ಲಿ ಕಲಿಕಾ ನ್ಯೂನತೆಯ ಹೆಸರೇ ಇರಲಿಲ್ಲ. 2016ರ ಕಾಯ್ದೆ ಗುರುತಿಸಿದ 21 ಅಂಗವೈಕಲ್ಯಗಳಲ್ಲಿ ಅದೂ ಒಂದು. ಆ ಕಾಯ್ದೆಯ 17ನೇ ಕಲಂ ಹೆಚ್ಚುವರಿ ಸಮಯ, ಬರೆದುಕೊಡುವ ಸ್ಕ್ರೈಬ್, ಎರಡನೇ ಮತ್ತು ಮೂರನೇ ಭಾಷೆಯಿಂದ ವಿನಾಯಿತಿ ಇವನ್ನು ಹೆಸರಿಸಿಯೇ ಹೇಳುತ್ತದೆ. 2018ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಲಿಖಿತ ಪರೀಕ್ಷೆಗಳಿಗೆ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇಲ್ಲದಷ್ಟು ಹೆಚ್ಚುವರಿ ಸಮಯ ಕೊಡಬೇಕಿತ್ತು. ಮೂರು ಗಂಟೆಯ ಪತ್ರಿಕೆಗೆ ಒಂದು ಗಂಟೆ ಆಯಿತು. ಕಂಪ್ಯೂಟರಿನಲ್ಲಿ ಬರೆಯುವವರು ಒಂದು ದಿನ ಮುಂಚೆ ಆ ಯಂತ್ರವನ್ನು ನೋಡಿಕೊಳ್ಳಬಹುದು ಅಂತಲೂ ಅದರಲ್ಲಿತ್ತು. ಈಗ ಜಾರಿಯಲ್ಲಿರುವ ಮಾರ್ಗಸೂಚಿಯನ್ನು ಮುದ್ರಿಸಿ ಜೊತೆಗಿಟ್ಟುಕೊಳ್ಳಿ, ಉಪಯೋಗಕ್ಕೆ ಬರುತ್ತದೆ.

2018ರ ಆ ಮಾರ್ಗಸೂಚಿ ಇದ್ದದ್ದು ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ. ಕಡಿಮೆ ಇದ್ದರೆ? ಬರೆಯುವಾಗ ಕೈ ಸೆಟೆದುಕೊಳ್ಳುವ ತೊಂದರೆಯಿದ್ದ ಅಭ್ಯರ್ಥಿಯೊಬ್ಬರಿಗೆ ಯುಪಿಎಸ್‌ಸಿ ಪರೀಕ್ಷೆಯಲ್ಲಿ ಸ್ಕ್ರೈಬ್ ನಿರಾಕರಿಸಿದ ಪ್ರಕರಣದಲ್ಲಿ, 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಈ ಶೇಕಡಾ 40ರ ಗೆರೆಯನ್ನು ಒಪ್ಪಲಿಲ್ಲ. ಆಮೇಲೆ 2022ರ ಆಗಸ್ಟ್‌ನಲ್ಲಿ ಅಂಥವರಿಗೂ ಬೇರೆ ಮಾರ್ಗಸೂಚಿ ಬಂತು, 2025ರಲ್ಲಿ ಎರಡರ ಜಾಗಕ್ಕೂ ಹೊಸದು ಬಂದಿದೆ. "ಪರ್ಸೆಂಟೇಜ್ ಸಾಲದು" ಅಂತ ಯಾರಾದರೂ ವಾಪಸ್ ಕಳಿಸಿದರೆ ಆ ತೀರ್ಪನ್ನು, ಈಗಿನ ಮಾರ್ಗಸೂಚಿಯನ್ನು ತೋರಿಸಿ.

ಸಿಬಿಎಸ್‌ಇ 2018ರಿಂದ ಲ್ಯಾಪ್‌ಟಾಪ್ ಬಳಕೆಗೆ ಅವಕಾಶ ಕೊಟ್ಟಿದೆ. ಉತ್ತರ ಟೈಪ್ ಮಾಡಲು, ಪ್ರಶ್ನೆಯನ್ನು ದೊಡ್ಡ ಅಕ್ಷರದಲ್ಲಿ ನೋಡಲು, ಪ್ರಶ್ನೆಯನ್ನು ಕೇಳಲು ಮಾತ್ರ. ತಜ್ಞರ ಶಿಫಾರಸು ಬೇಕು. ಯಂತ್ರವನ್ನು ಮಗುವೇ ತರಬೇಕು, ಫಾರ್ಮ್ಯಾಟ್ ಆಗಿರಬೇಕು, ಇಂಟರ್ನೆಟ್ ಇರಬಾರದು. ಮಾತಿನಿಂದ ಟೈಪ್ ಮಾಡಿಸುವುದು ಮೇಲೆ ಹೇಳಿದ ಮೂರು ಬಳಕೆಗಳಲ್ಲಿ ಇಲ್ಲ. ಅದೇ ಅಭ್ಯಾಸವಾದ ಮಗುವಿಗೆ ಒಂಬತ್ತನೇ ತರಗತಿಯಿಂದಲೇ ಸ್ಕ್ರೈಬ್ ಜೊತೆ ಅಭ್ಯಾಸ ಮಾಡಿಸಿ. ಎಸ್‌ಎಸ್‌ಎಲ್‌ಸಿಗೆ ಸೌಲಭ್ಯಗಳನ್ನು ಶಾಲೆಯ ಮೂಲಕ ಕೇಳಬೇಕು. ಮಗುವಿನ ಪರೀಕ್ಷಾ ಅರ್ಜಿ ತುಂಬುವ ದಿನವೇ ಹೆಡ್‌ಮಾಸ್ಟರ್ ಪಕ್ಕದಲ್ಲಿ ಕೂತು, ಅಂಗವೈಕಲ್ಯದ ವಿವರ ಸೇರಿದೆಯೇ ಅಂತ ಕಣ್ಣಾರೆ ನೋಡಿ. ಆ ವರ್ಷದ ಸುತ್ತೋಲೆಯ ಪ್ರತಿಯನ್ನೂ ಕೇಳಿ ಪಡೆಯಿರಿ.

ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಹತ್ತನೇ ತರಗತಿಯವರೆಗೆ ಕಾಯಬೇಡಿ. 2018ರ ಜನವರಿಯ ಮಾರ್ಗಸೂಚಿಯ ಪ್ರಕಾರ 8 ವರ್ಷ ತುಂಬಿದ ಮಗುವಿಗೆ ಅದನ್ನು ಕೊಡಬಹುದಿತ್ತು, 14ಕ್ಕೆ ಮತ್ತು 18ಕ್ಕೆ ಮರುಪರೀಕ್ಷೆ ಇತ್ತು; 2024ರಲ್ಲಿ ಆ ಮಾರ್ಗಸೂಚಿ ಬದಲಾಗಿದೆ. ದೊಡ್ಡ ಆಸ್ಪತ್ರೆಗಳಲ್ಲಿ ಸರದಿ ಉದ್ದ. ಎಲ್ಲಿಂದ ಶುರು ಮಾಡುವುದು ಗೊತ್ತಾಗದಿದ್ದರೆ ನಿಮ್ಮ ತಾಲ್ಲೂಕಿನ ಬಿಆರ್‌ಸಿ (ಶಿಕ್ಷಣ ಇಲಾಖೆಯ ಕ್ಷೇತ್ರ ಸಂಪನ್ಮೂಲ ಕೇಂದ್ರ) ಕಚೇರಿಗೆ ಹೋಗಿ. ಅಲ್ಲಿ ಬಿಐಇಆರ್‌ಟಿ ಅಂತ ಕರೆಯುವ ವಿಶೇಷ ಶಿಕ್ಷಕರನ್ನು ಕೇಳಿ. ಹೋಗುವಾಗ ಮಗುವಿನ ನೋಟ್‌ಬುಕ್, ಹಳೆಯ ಉತ್ತರಪತ್ರಿಕೆ, ಎರಡನೇ ಹೆಜ್ಜೆಯಲ್ಲಿ ಶಿಕ್ಷಕರು ಬರೆದುಕೊಂಡ ಅಂಕ ಮತ್ತು ಸಮಯದ ಹಾಳೆ ಕೈಯಲ್ಲಿರಲಿ.

ಶಿಕ್ಷಕರೇ, ಆ ಹಾಳೆಯ ಇನ್ನೊಂದು ಪ್ರತಿ ಮಾಡಿ. ಯಾವ ದನಿ, ಯಾವ ವೇಗ, ಯಾವ ಕೀಬೋರ್ಡ್, ಎಷ್ಟು ಹೆಚ್ಚುವರಿ ನಿಮಿಷ, ಯಾವುದು ಕೆಲಸಕ್ಕೆ ಬರಲಿಲ್ಲ ಅಂತ ಅದರ ಹಿಂದೆ ಬರೆಯಿರಿ. ಏಪ್ರಿಲ್‌ನಲ್ಲಿ ಮಗು ಮುಂದಿನ ತರಗತಿಗೆ ಹೋಗುವಾಗ ಅದನ್ನು ಹೊಸ ಕ್ಲಾಸ್ ಟೀಚರ್ ಕೈಗೆ ನೀವೇ ಕೊಡಿ. ಜೂನ್‌ನ ಮೊದಲ ಕಿರುಪರೀಕ್ಷೆಗೇ ಅದು ಬೇಕಾಗುತ್ತದೆ.